ರಿಹರ್ಸಲ್‌ಗೆ ಕನ್ನಡದಲ್ಲಿ ಎಂತ ಹೇಳುವುದು: ತಾಲೀಮಾ, ಪೂರ್ವಾಭ್ಯಾಸವಾ, ಟ್ರಯಲ್ಲಾ?

ಕಲ್ಸಂಕ ಬದಿ

ಎಲ್ಲರಿಗೂ ನಮಸ್ಕಾರ. ಒಂದು ಶಬ್ದದ ವಿಷಯ ಕೇಳ್ಲಿಕ್ಕುಂಟು, ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ನಾಟಕ ಸಂಘಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಅಂತ ಒಂದು ಸಣ್ಣ ಕೈಪಿಡಿ ಮಾಡ್ತಾ ಇದ್ದೇವೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ರಿಹರ್ಸಲ್ ಅನ್ನುವ ಶಬ್ದ ಅದರಲ್ಲಿ ಪುಟ ಪುಟಕ್ಕೂ ಬರ್ತದೆ. ನಮ್ಮ ಸಂಘದ ಹಿರಿಯರೊಬ್ಬರು, ಕನ್ನಡದ ಪುಸ್ತಕ ಅಲ್ವಾ, ಎಲ್ಲ ಕಡೆ ಪೂರ್ವಾಭ್ಯಾಸ ಅಂತಲೇ ಹಾಕು ಅಂದ್ರು. ಹಾಕಿದೆ. ಹಾಕಿ ಗಟ್ಟಿಯಾಗಿ ಓದಿ ನೋಡಿದ್ರೆ ಕೆಲವು ಕಡೆ ಸರಿ ಕೂತಿತು, ಕೆಲವು ಕಡೆ ಕೂರಲೇ ಇಲ್ಲ. ‘ಮಾತು ಬಾಯಿಗೆ ಬರುವ ತನಕ ಮನೆಯಲ್ಲಿ ಪೂರ್ವಾಭ್ಯಾಸ ಮಾಡಿ’ ಅಂತ ಒಂದು ವಾಕ್ಯ ಆಯ್ತು, ಅದು ನನಗೆ ಒಪ್ಪಿಗೆ ಆಗ್ತಾ ಇಲ್ಲ, ಯಾಕಂದ್ರೆ ಮನೆಯಲ್ಲಿ ಒಬ್ಬನೇ ಕೂತು ಮಾತು ಕಲಿಯುವುದನ್ನು ನಾವು ಯಾರೂ ರಿಹರ್ಸಲ್ ಅನ್ನುವುದಿಲ್ಲ. ತಾಲೀಮು ಅಂತ ಹಾಕುವ ಅಂದ್ರೆ ಸಂಘದ ಅರ್ಧ ಮಕ್ಕಳಿಗೆ ತಾಲೀಮು ಅಂದ ಕೂಡಲೆ ಕತ್ತಿ, ದೊಣ್ಣೆ, ದಸರಾ ಮೆರವಣಿಗೆ ಕಣ್ಣ ಮುಂದೆ ಬರ್ತದೆ. ಮಕ್ಕಳು ಮಾತಾಡುವಾಗ ಪ್ರಾಕ್ಟೀಸ್ ಅಂತಾರೆ.

ನೀವೆಲ್ಲ ನಿಮ್ಮ ನಿಮ್ಮ ಜಾಗದಲ್ಲಿ ಯಾವುದಕ್ಕೆ ಯಾವ ಶಬ್ದ ಬಳಸ್ತೀರಿ? ಡಿಕ್ಷನರಿಯಲ್ಲಿ ಇರುವುದು ನನಗೂ ಸಿಗ್ತದೆ, ಬಾಯಲ್ಲಿ ಇರುವುದು ಬೇಕು.

ಕೋಟೇಶ್ವರದ ಮಾಣಿ

ಹ್ವಾಯ್, ನಮ್ ಬದಿಯಗೆ ಟ್ರಯಲ್ ಅಂದೇ ಹೇಳುದ್. ಶಾಲಿ ಮಕ್ಕಳ ಯಕ್ಷಗಾನ ಆಯ್ಲಿ, ಊರಿನ್ ಸಂಘದ್ ಆಟ ಆಯ್ಲಿ, ಒಂದ್ ವಾರ ಮುಂಚೆ ಟ್ರಯಲ್ ಶುರು. ರಿಹರ್ಸಲ್ ಅಂದ್ರೆ ನಮ್ಮ್ ಅಜ್ಜಯ್ಯಂಗೆ ಗೊತ್ತಾತಿಲ್ಲ, ‘ನಾಳೆ ಟ್ರಯಲ್ ಇತ್’ ಅಂದ್ರೆ ಕೂಡ್ಲೆ ಹೊರಟ್ ನಿಂತ್ಕಂತ್ರ್. ಅದೂ ಇಂಗ್ಲಿಷ್ ಶಬ್ದವೇ, ಆದ್ರೆ ಈಗ ನಮ್ದೇ ಆಯ್ತ್ ಕಾಣಿ.

ಉರ್ವಾಸ್ಟೋರ್

ಮಂಗ್ಳೂರಿನಲ್ಲಿ ತುಳು ನಾಟಕದವರು ಹೆಚ್ಚಾಗಿ ಪ್ರಾಕ್ಟೀಸ್ ಅಂತಲೇ ಹೇಳುವುದು. ಕೆಲಸ ಮುಗಿಸಿ ರಾತ್ರಿ ಶಾಲೆಯ ಹಾಲ್‌ನಲ್ಲಿ ಸೇರಿದ್ರೆ ಅದು ಪ್ರಾಕ್ಟೀಸ್. ಸ್ಟೇಜ್ ಮೇಲೆ, ಮ್ಯೂಸಿಕ್ಕು ಲೈಟು ಎಲ್ಲ ಇಟ್ಕೊಂಡು, ಶುರುವಿನಿಂದ ಕೊನೆ ತನಕ ನಿಲ್ಲಿಸದೆ ಮಾಡಿದ್ರೆ ಮಾತ್ರ ರಿಹರ್ಸಲ್, ಅದಕ್ಕೆ ಗ್ರ್ಯಾಂಡ್ ರಿಹರ್ಸಲ್ ಅಂತ ಪೂರ್ತಿ ಹೆಸರು. ಚರ್ಚ್‌ನಲ್ಲಿ ಹಾಡುವವರದ್ದೂ ಹಾಗೇ, ಕ್ವಾಯರ್ ಪ್ರಾಕ್ಟೀಸ್ ಉಂಟು ಅಂತಾರೆ, ಕ್ವಾಯರ್ ರಿಹರ್ಸಲ್ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅಂದ್ರೆ ಎರಡೂ ಶಬ್ದ ನಮ್ಮಲ್ಲಿ ಉಂಟು, ಎರಡಕ್ಕೂ ಬೇರೆ ಬೇರೆ ಕೆಲಸ ಕೊಟ್ಟಿದ್ದೇವೆ.

ಚೌಕಿಮನೆ

ಯಕ್ಷಗಾನದ ಕಡೆಯಿಂದ ಒಂದು ಮಾತು ಹೇಳ್ಬೇಕು, ಯಾಕಂದ್ರೆ ಈ ಚರ್ಚೆಯಲ್ಲಿ ಅದು ಬಿಟ್ಟುಹೋದ್ರೆ ಅರ್ಧ ವಿಷಯ ಬಿಟ್ಟ ಹಾಗೆ. ಮೇಳದ ಆಟಕ್ಕೆ ನೀವು ಹೇಳುವ ಅರ್ಥದ ರಿಹರ್ಸಲ್ ಪರಂಪರೆಯಲ್ಲಿ ಇಲ್ಲವೇ ಇಲ್ಲ.

ನನ್ನ ಮಾವ ಮೇಳದಲ್ಲಿ ವೇಷ ಮಾಡ್ತಾ ಇದ್ರು. ನಾನು ಸಣ್ಣವನಿರುವಾಗ ಅವರ ಒಟ್ಟಿಗೆ ಚೌಕಿಗೆ, ಅಂದ್ರೆ ಬಣ್ಣ ಹಚ್ಚುವ ಜಾಗಕ್ಕೆ, ಹೋಗಿ ಮೂಲೆಯಲ್ಲಿ ಪೆಟ್ಟಿಗೆ ಮೇಲೆ ಕೂತ್ಕೊಳ್ತಿದ್ದೆ. ಇವತ್ತಿನ ಪ್ರಸಂಗದಲ್ಲಿ ನಿಮಗೆ ಇಂಥ ವೇಷ ಅಂತ ಗೊತ್ತಾಗುವುದೇ ಆ ಹೊತ್ತಿಗೆ. ಮಾವ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯಲ್ಲಿ ಸಣ್ಣ ಕನ್ನಡಿ, ಬಲಗೈಯಲ್ಲಿ ಕಡ್ಡಿ, ಹುಬ್ಬು ಬರೀತಾ ಬರೀತಾ ಪಕ್ಕದಲ್ಲಿ ಕೂತ ಎದುರು ವೇಷದವರ ಹತ್ರ ಮೆಲ್ಲ ಕೇಳುವುದು, ‘ಆ ಪದ್ಯ ಆದ ಮೇಲೆ ನೀವು ಶಾಪದ ವಿಷಯ ಎತ್ತುತ್ತೀರಾ, ಇಲ್ಲ ನಾನೇ ಎತ್ತಬೇಕಾ?’ ಅವರು ಕನ್ನಡಿಯಿಂದ ಮುಖ ತೆಗೆಯದೆ, ‘ನೀವು ಎತ್ತಿ, ನಾನು ಅಲ್ಲಿಂದ ಹಿಡ್ಕೊಳ್ತೇನೆ’. ಅಷ್ಟೇ. ಆಮೇಲೆ ಪದ್ಯ ಹಾಡುವ ಭಾಗವತ್ರ ಹತ್ರ ಹೋಗಿ ಎಷ್ಟು ಪದ್ಯ, ಯಾವುದು ಬಿಡ್ತೀರಿ ಅಂತ ಒಂದು ಮಾತು. ಆಗ ನಾನು ಅದನ್ನು ಬರೀ ಮಾತುಕತೆ ಅಂತ ತಿಳ್ಕೊಂಡಿದ್ದೆ. ರಾತ್ರಿ ಎರಡು ಗಂಟೆಗೆ ರಂಗದಲ್ಲಿ ಅದೇ ಶಾಪದ ಮಾತು ಬಂದು, ಇಬ್ಬರೂ ಅರ್ಧ ಗಂಟೆ ವಾದ ಮಾಡಿದಾಗ, ಅಲ್ಲಿ ಹುಬ್ಬು ಬರೆಯುವಾಗ ಹಾಕಿದ ಗಂಟು ಇದು ಅಂತ ಗೊತ್ತಾಯ್ತು.

ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ. ಮಾತು ಆ ಹೊತ್ತಿಗೆ ಹುಟ್ಟಬೇಕು. ಆಟವನ್ನು ನಡೆಸುವವರು ಭಾಗವತ್ರು, ರಂಗದಲ್ಲೇ ಕೂತು ನಡೆಸ್ತಾರೆ, ಅದಕ್ಕೇ ಅವರನ್ನು ಒಂದನೇ ವೇಷ ಅಂತ ಹೇಳುವುದು. ವೇಷಧಾರಿ ಮಾತು ಬೆಳೆಸಿದ್ರೆ ಅವರು ಕಾಯ್ತಾರೆ, ಸಾಕು ಅಂತ ಕಂಡ್ರೆ ಪದ್ಯ ಎತ್ತುತ್ತಾರೆ. ಮೊದಲೇ ಕೂತು ಇಷ್ಟೇ ಮಾತು, ಇಲ್ಲೇ ನಿಲ್ಲುವುದು ಅಂತ ಕಟ್ಟಿಬಿಟ್ರೆ ಭಾಗವತ್ರಿಗೆ ಎಂತ ಕೆಲಸ ಉಳೀತದೆ?

ಹಾಗಂತ ಅಭ್ಯಾಸ ಇಲ್ಲ ಅಂತ ಅಲ್ಲ. ಹೆಜ್ಜೆ ಅಭ್ಯಾಸ ವರ್ಷಗಟ್ಟಲೆ ಆಗ್ಬೇಕು. ಮೊದಲು ರಾತ್ರಿ ಇಡೀ ಆಟ ಇರುವಾಗ ಪೂರ್ವರಂಗ ಅಂತ ಆಗ್ತಿತ್ತು, ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಲ್ಲ ಬರ್ತಿತ್ತು, ಹೊಸ ಹುಡುಗರನ್ನು ಮೊದಲು ಅಲ್ಲಿಗೇ ಬಿಡುವುದು. ಜನ ಬಂದು ಚಾಪೆ ಹಾಸಿ ಕೂರುವ ಹೊತ್ತಿಗೆ ಹುಡುಗ ನಿಜವಾದ ಚೆಂಡೆ ಮದ್ದಳೆಗೆ, ನಿಜವಾದ ಜನರ ಎದುರು ಕಾಲು ಹಾಕಿ ಕಲೀತಿದ್ದ. ಕಲಿಕೆಯೂ ಅದೇ, ಪ್ರದರ್ಶನವೂ ಅದೇ. ಇದಕ್ಕೆ ನೀವು ಯಾವ ಶಬ್ದ ಕೊಡ್ತೀರಿ?

ಉರ್ವಾಸ್ಟೋರ್

ಚೌಕಿಮನೆ ಅಣ್ಣ, ನೀವು ಹೇಳಿದ್ದು ಓದಿ ತುಂಬ ಖುಷಿ ಆಯ್ತು. ಒಂದು ಕೇಳ್ತೇನೆ, ಈಗ ಕಾಲಮಿತಿ ಬಂದಿದೆಯಲ್ವಾ, ಮೂರು ಗಂಟೆಯಲ್ಲಿ ಪ್ರಸಂಗ ಮುಗೀಬೇಕು ಅಂದ್ರೆ ಮೊದಲೇ ಕೂತು ಮಾತಾಡದೆ ಆಗ್ತದಾ? ಹವ್ಯಾಸಿ ಸಂಘದವರು, ಶಾಲೆ ಮಕ್ಕಳು ಎಲ್ಲ ಟ್ರಯಲ್ ಮಾಡ್ತಾರೆ ಅಂತ ಮಾಣಿಯೂ ಹೇಳಿದ್ರಲ್ಲ.

ಚೌಕಿಮನೆ

ಆಗ್ತದೆ ಅಂತ ವಾದ ಮಾಡುವುದಿಲ್ಲ, ಟ್ರಯಲ್ ಬೇಕೇ ಬೇಕಾಗ್ತದೆ. ಹೊಸ ಪ್ರಸಂಗ ಆದ್ರೆ ಮೇಳದವರೂ ಕೂತು ನಡೆ ಮಾತಾಡ್ತಾರೆ. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆ ರೂಪಕ್ಕೆ ತಂದು, ಮಾತು ಕಡಿಮೆ ಮಾಡಿ, ಪಿಟೀಲು ಸ್ಯಾಕ್ಸೋಫೋನ್ ಎಲ್ಲ ಸೇರಿಸಿದ್ರು, ಅಂಥದ್ದು ರಿಹರ್ಸಲ್ ಇಲ್ಲದೆ ನಿಲ್ಲುವುದೇ ಇಲ್ಲ, ಯಾಕಂದ್ರೆ ಅಲ್ಲಿ ಇಡೀ ಆಟ ಮೊದಲೇ ಒಬ್ಬರ ಕಣ್ಣಲ್ಲಿ ತಯಾರಾಗಿರ್ತದೆ. ಮೇಳದ ಆಟ ಹಾಗಲ್ಲ, ಅದು ಆಗ್ತಾ ಆಗ್ತಾ ತಯಾರಾಗುವುದು. ನಾನು ಹೇಳ್ಲಿಕ್ಕೆ ಹೊರಟದ್ದು ಇಷ್ಟೇ, ಟ್ರಯಲ್ ಬಂದದ್ದು ಆಟದ ರೀತಿ ಬದಲಾದ ಮೇಲೆ. ಹಳೆ ಶಬ್ದದಲ್ಲಿ ಅದಕ್ಕೆ ಹೆಸರು ಇರ್ಲಿಲ್ಲ, ಅದಕ್ಕೇ ಇಂಗ್ಲಿಷ್ ಶಬ್ದ ಬಂದು ಕೂತಿತು.

ಇನ್ನೊಂದು, ಕೆಲವರು ತಾಳಮದ್ದಳೆಯನ್ನು ಯಕ್ಷಗಾನದ ರಿಹರ್ಸಲ್ ಅಂತ ಹೊರಗಿನವರಿಗೆ ವಿವರಿಸ್ತಾರೆ, ವೇಷ ಇಲ್ಲ ಕುಣಿತ ಇಲ್ಲ, ಕೂತು ಮಾತಾಡ್ತಾರೆ ಅಂತ. ದಯವಿಟ್ಟು ಹಾಗೆ ಹೇಳ್ಬೇಡಿ. ಪತ್ತನಾಜೆಗೆ, ಅಂದ್ರೆ ಮಳೆಗಾಲದ ಮೊದಲು ತಿರುಗಾಟ ಮುಗಿಯುವ ದಿನ, ಮೇಳ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ತಾಳಮದ್ದಳೆ ಕೂಟ ಜಾಸ್ತಿ ಆಗ್ತದೆ ನಿಜ, ಆದ್ರೆ ಅದು ಮುಂದಿನ ಆಟಕ್ಕೆ ತಯಾರಿ ಅಲ್ಲ. ಅದಕ್ಕೇ ಅಂತ ಹೋಗುವ ಜನ ಉಂಟು, ಅದಕ್ಕೇ ಅಂತ ಇರುವ, ಕೂತು ಮಾತು ಹೇಳುವ ಅರ್ಥಧಾರಿಗಳು ಉಂಟು.

ನಿವೃತ್ತ ಮಾಷ್ಟ್ರು

ಕಲ್ಸಂಕದವರಿಗೆ ಪೂರ್ವಾಭ್ಯಾಸ ಯಾಕೆ ಕೆಲವು ಕಡೆ ಒಪ್ಪಲಿಲ್ಲ ಅಂತ ಸ್ವಲ್ಪ ಶಬ್ದದ ಒಳಗೆ ಹೋಗಿ ಹೇಳ್ತೇನೆ. ನಾನು ಮೂವತ್ತು ವರ್ಷ ಸಂಸ್ಕೃತ, ಕನ್ನಡ ಎರಡೂ ಪಾಠ ಮಾಡಿದವ.

ಪೂರ್ವಾಭ್ಯಾಸ ಅನ್ನುವ ಶಬ್ದ ಗೀತೆಯಲ್ಲೇ ಉಂಟು, ಆರನೇ ಅಧ್ಯಾಯ, 44ನೇ ಶ್ಲೋಕ, ‘ಪೂರ್ವಾಭ್ಯಾಸೇನ ತೇನೈವ ಹ್ರಿಯತೇ ಹ್ಯವಶೋಽಪಿ ಸಃ’. ಅಲ್ಲಿ ಅದರ ಅರ್ಥ ಹಿಂದಿನ ಜನ್ಮದಲ್ಲಿ ಮಾಡಿದ ಅಭ್ಯಾಸ. ಯೋಗದಿಂದ ಜಾರಿದವನನ್ನು ಆ ಹಳೆಯ ಅಭ್ಯಾಸವೇ ಅವನಿಗೆ ಗೊತ್ತಿಲ್ಲದೆ ಮತ್ತೆ ಎಳ್ಕೊಂಡು ಹೋಗ್ತದೆ ಅಂತ. ಅಂದ್ರೆ ಅಲ್ಲಿ ಪೂರ್ವ ಅಂದ್ರೆ ಹಿಂದೆ ಆಗಿಹೋದದ್ದು. ನಾವು ಈಗ ಬಳಸುವಾಗ ಪೂರ್ವ ಅಂದ್ರೆ ಮುಂದೆ ಬರುವ ಒಂದು ದಿನಕ್ಕಿಂತ ಮೊದಲು. ಶಬ್ದ ಹಳೆಯದು, ನಾವು ಅದಕ್ಕೆ ಕೊಟ್ಟ ಕೆಲಸ ಹೊಸದು. ಆದ್ದರಿಂದ ಇದು ಶುದ್ಧ, ಅದು ಅಶುದ್ಧ ಅಂತ ಜಗಳ ಮಾಡುವುದರಲ್ಲಿ ಹುರುಳಿಲ್ಲ.

ಅಭ್ಯಾಸ ಅನ್ನುವುದಕ್ಕೆ ವ್ಯಾಕರಣದಲ್ಲಿ ಇನ್ನೊಂದು ಅರ್ಥ ಉಂಟು, ಅದನ್ನು ಹೇಳದೆ ನನಗೆ ಮುಂದೆ ಹೋಗ್ಲಿಕ್ಕೆ ಮನಸ್ಸಿಲ್ಲ. ಪಾಣಿನಿಯ ಸೂತ್ರ, ‘ಪೂರ್ವೋಽಭ್ಯಾಸಃ’. ಕೆಲವು ಕಡೆ ಧಾತು ಎರಡು ಸಲ ಬರ್ತದೆ, ದಾ ಅನ್ನುವುದು ದಾ ದಾ ಆಗಿ ದದಾತಿ ಅಂತ ಆಗ್ತದೆ. ಆ ಎರಡರಲ್ಲಿ ಮೊದಲನೆಯದಕ್ಕೆ ಅಭ್ಯಾಸ ಅಂತ ಹೆಸರು. ಆ ಮೊದಲನೆಯದು ಹ್ರಸ್ವ ಆಗ್ತದೆ, ಎರಡನೆಯದು ಪೂರ್ತಿ ದೀರ್ಘವಾಗಿ ನಿಲ್ತದೆ. ನಾನು ಪಾಠ ಮಾಡುವಾಗ ಹುಡುಗರಿಗೆ ಹೇಳ್ತಿದ್ದೆ, ನೀವು ಸಮಾರಂಭದ ಹಿಂದಿನ ದಿನ ಮಾಡುವುದು ‘ದ’, ಮರುದಿನ ಮಾಡುವುದು ‘ದಾ’ ಅಂತ. ಒಂದು ತರಗತಿಯೂ ಆ ಸೂತ್ರ ಮರೀಲಿಲ್ಲ.

ಇನ್ನು ಬಳಕೆಗೆ ಬಂದ್ರೆ, ಕ್ರಿಯಾಪದ ನೋಡಿ. ಅಭ್ಯಾಸವನ್ನು ನಾವು ‘ಮಾಡ್ತೇವೆ’. ರಿಹರ್ಸಲ್ಲನ್ನು ‘ಇಟ್ಕೊಳ್ತೇವೆ’. ಆದಿತ್ಯವಾರ ಸಂಜೆ ರಿಹರ್ಸಲ್ ಇಟ್ಕೊಂಡಿದ್ದೇವೆ ಅಂತೇವೆ, ಆದಿತ್ಯವಾರ ಅಭ್ಯಾಸ ಇಟ್ಕೊಂಡಿದ್ದೇವೆ ಅಂದ್ರೂ ನಾಲ್ಕು ಜನ ಸೇರುವ ಅರ್ಥ ತಾನಾಗಿ ಬರ್ತದೆ. ಮದುವೆ ಇಟ್ಕೊಳ್ತೇವೆ, ಪೂಜೆ ಇಟ್ಕೊಳ್ತೇವೆ, ಮೀಟಿಂಗ್ ಇಟ್ಕೊಳ್ತೇವೆ, ಅದೇ ಸಾಲಿಗೆ ಸೇರಿದ್ದು ರಿಹರ್ಸಲ್. ದಿನ ಬೇಕು, ಹೊತ್ತು ಬೇಕು, ಜನ ಬೇಕು. ನಿಮ್ಮ ‘ಮನೆಯಲ್ಲಿ ಪೂರ್ವಾಭ್ಯಾಸ ಮಾಡಿ’ ಎಡವಿದ್ದು ಅಲ್ಲಿಯೇ. ಮನೆಯಲ್ಲಿ ಮಾಡುವುದು ಅಭ್ಯಾಸ, ಅದರ ಮುಂದೆ ಪೂರ್ವ ಬೇಡ.

ಕಲ್ಸಂಕ ಬದಿ

ಮಾಷ್ಟ್ರೆ, ಕೈ ಮುಗಿದೆ. ಮಾಡುವುದು, ಇಟ್ಕೊಳ್ಳುವುದು, ಈ ಒಂದು ಗುರುತು ಸಿಕ್ಕಿದ್ದೇ ನನಗೆ ಅರ್ಧ ಕೈಪಿಡಿ ಸರಿ ಆದ ಹಾಗೆ. ಈಗಲೇ ಕೂತು ಒಂದೊಂದು ವಾಕ್ಯ ತೆಗೆದು ನೋಡ್ತಾ ಇದ್ದೇನೆ, ಇಟ್ಕೊಳ್ಳುವುದು ಹೊಂದ್ತದಾ ಇಲ್ವಾ ಅಂತ.

ಬಂದರು ರಸ್ತೆ

ತಾಲೀಮಿನ ವಿಷಯ ನಾನು ಹೇಳ್ತೇನೆ. ತಾಲೀಮು ಅರಬ್ಬಿ ಶಬ್ದ, ತಾಲೀಮ್ ಅಂದ್ರೆ ಕಲಿಸುವುದು, ಶಿಕ್ಷಣ. ಉರ್ದುವಿನಲ್ಲಿ ಈಗಲೂ ಅದೇ ಅರ್ಥ. ಮರಾಠಿಗೆ ಹೋದಾಗ ಕುಸ್ತಿ, ಕಸರತ್ತು, ಗರಡಿಮನೆಯ ಜೊತೆ ಸೇರಿತು, ನಾಟಕದವರೂ ತಗೊಂಡ್ರು. ಕನ್ನಡದಲ್ಲಿ ಎರಡೂ ಉಳ್ಕೊಂಡಿದೆ. ಮೈಸೂರು ದಸರಾ ಹತ್ರ ಬಂದ್ರೆ ಪೇಪರಿನಲ್ಲಿ ಆನೆಗಳ ತಾಲೀಮು ಅಂತಲೇ ಬರೀತಾರೆ, ಅಂಬಾರಿ ತೂಕ ಸುಮಾರು 750 ಕಿಲೋ ಅಲ್ವಾ, ಅದಕ್ಕೆ ಮೊದಲು ಮರಳ ಮೂಟೆ ಹೊರಿಸಿ, ದಿನಾ ಸ್ವಲ್ಪ ಸ್ವಲ್ಪ ಭಾರ ಜಾಸ್ತಿ ಮಾಡಿ, ಅದೇ ದಾರಿಯಲ್ಲಿ ನಡೆಸ್ತಾರೆ. ಭಾರವೂ ಅಭ್ಯಾಸ ಆಗ್ಬೇಕು, ದಾರಿಯೂ ಅಭ್ಯಾಸ ಆಗ್ಬೇಕು, ಪಿರಂಗಿ ಶಬ್ದವೂ ಅಭ್ಯಾಸ ಆಗ್ಬೇಕು. ತಾಲೀಮು ಅನ್ನುವ ಶಬ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಕಾಣುವುದಿಲ್ಲ.

ಆದ್ರೆ ನಮ್ಮ ಮಂಗ್ಳೂರಿನಲ್ಲಿ ಅದು ಬೇರೆಯೇ ದಾರಿ ಹಿಡಿದಿದೆ. ಇಲ್ಲಿ ತಾಲೀಮು ಅಂದ್ರೆ ಅದೇ ಪ್ರದರ್ಶನ. ದಸರಾ ಮೆರವಣಿಗೆಯಲ್ಲಿ, ಹಬ್ಬಗಳಲ್ಲಿ ತಾಲೀಮು ತಂಡದವರು ದೊಣ್ಣೆ ತಿರುಗಿಸುವುದು, ಕತ್ತಿ ವರಸೆ ಮಾಡುವುದು ನೋಡ್ಲಿಕ್ಕೆ ಜನ ರಸ್ತೆ ಬದಿ ನಿಲ್ತಾರೆ. ನಮ್ಮ ಓಣಿಯ ಹುಡುಗರು ‘ತಾಲೀಮಿಗೆ ಪ್ರಾಕ್ಟೀಸ್ ಉಂಟು’ ಅಂತ ಹೇಳುವುದನ್ನು ನಾನು ದಿನಾ ಕೇಳ್ತೇನೆ. ಅಭ್ಯಾಸ ಅಂತ ಇದ್ದ ಶಬ್ದವೇ ಕಲೆಯ ಹೆಸರಾಗಿ, ಅದರ ಅಭ್ಯಾಸಕ್ಕೆ ಮತ್ತೊಂದು ಶಬ್ದ ಬೇಕಾಗಿ ಬಂದಿದೆ. ಕಲ್ಸಂಕದವರ ಸಂಘದ ಮಕ್ಕಳಿಗೆ ಕತ್ತಿ ದೊಣ್ಣೆ ನೆನಪಾದದ್ದು ಅವರ ತಪ್ಪಲ್ಲ, ಅವರ ಊರಿನ ಕನ್ನಡ ಅದು.

ಕರೆಬದಿ

ಕಂಬಳದಲ್ಲೂ ಒಂದು ಶಬ್ದ ಉಂಟು, ಯಾರೂ ಹೇಳ್ಲಿಲ್ಲ ಅಂತ ಬರೀತಾ ಇದ್ದೇನೆ. ಕುದಿ. ಸೀಸನ್ ಶುರು ಆಗುವ ಮೊದಲು ಕೋಣಗಳನ್ನು ಕರೆಗೆ, ಅಂದ್ರೆ ಓಟದ ಕೆಸರು ಗದ್ದೆಗೆ, ಇಳಿಸಿ ಓಡಿಸಿ ನೋಡ್ತಾರಲ್ಲ, ಅದು ಕುದಿ, ಕುದಿ ಕಂಬಳ ಅಂತಾರೆ. ಬಹುಮಾನ ಇಲ್ಲ, ಆದ್ರೆ ನೋಡ್ಲಿಕ್ಕೆ ಜನ ಬರ್ತಾರೆ. ಆರು ತಿಂಗಳು ಕೊಟ್ಟಿಗೆಯಲ್ಲಿ ಇದ್ದ ಕೋಣಕ್ಕೆ ಮತ್ತೆ ಕೆಸರಿನ ನೆನಪು ಬರ್ಬೇಕು, ಜೋಡಿ ಹೊಂದ್ತದಾ ನೋಡ್ಬೇಕು, ಓಡಿಸುವವನ ಕೈ ಕೋಣಕ್ಕೆ ಗೊತ್ತಾಗ್ಬೇಕು. ಕುದಿಯಲ್ಲಿ ಯಾರೂ ಪೂರ್ತಿ ಜೋರು ಓಡಿಸುವುದಿಲ್ಲ. ಹಗ್ಗದ ಕೋಣ, ನೇಗಿಲಿನ ಕೋಣ, ಅಡ್ಡ ಹಲಗೆ, ಕಣೆ ಹಲಗೆ ಅಂತ ಓಟದ ವಿಭಾಗಗಳು, ಒಂದೊಂದಕ್ಕೂ ಬೇರೆ ಬೇರೆ ರೀತಿ. ನಾಟಕದವರಿಗೆ ಈ ಶಬ್ದ ಉಪಯೋಗಕ್ಕೆ ಬರ್ಲಿಕ್ಕಿಲ್ಲ, ಆದ್ರೆ ರಿಹರ್ಸಲ್ ಅನ್ನುವುದಕ್ಕೆ ನಮ್ಮಲ್ಲಿ ಶಬ್ದವೇ ಇರ್ಲಿಲ್ಲ ಅಂತ ಯಾರೂ ತಿಳ್ಕೊಳ್ಬಾರದು.

ನಿವೃತ್ತ ಮಾಷ್ಟ್ರು

ಕರೆಬದಿಯವರು ನೇಗಿಲು, ಹಲಗೆ ಅಂತ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ, ನೀವೆಲ್ಲ ಮೆಚ್ಚುತ್ತೀರಿ. ರಿಹರ್ಸಲ್ ಅನ್ನುವ ಇಂಗ್ಲಿಷ್ ಶಬ್ದ ಹುಟ್ಟಿದ್ದೇ ಹೊಲದಲ್ಲಿ. ಹಳೆಯ ಫ್ರೆಂಚಿನಲ್ಲಿ ಎರ್ಸ್ ಅಂದ್ರೆ ಉತ್ತ ನೆಲದ ಹೆಂಟೆ ಒಡೆಯುವ, ಹಲ್ಲು ಹಲ್ಲು ಇರುವ ಸಾಧನ, ಬಯಲುಸೀಮೆಯಲ್ಲಿ ಹಲುಬೆ ಅಂತಾರಲ್ಲ ಅದು. ರಿ ಅಂದ್ರೆ ಮತ್ತೆ. ಮತ್ತೊಮ್ಮೆ ಹಲುಬೆ ಹೊಡೆಯುವುದೇ ರಿಹರ್ಸ್. ಅಲ್ಲಿಂದ ಇಂಗ್ಲಿಷಿಗೆ ಬಂದಾಗ ಹೇಳಿದ್ದನ್ನೇ ಮತ್ತೆ ಹೇಳುವುದು ಅಂತ ಅರ್ಥ ಆಯ್ತು, ನಾಟಕದ ಅರ್ಥ ಸೇರಿದ್ದು ಅದಾಗಿ ಸುಮಾರು ಮುನ್ನೂರು ವರ್ಷದ ಮೇಲೆ, ಹದಿನಾರನೇ ಶತಮಾನದ ಕೊನೆಗೆ. ಹೆಣ ಸಾಗಿಸುವ ಗಾಡಿಗೆ ಇಂಗ್ಲಿಷಿನಲ್ಲಿ ಹರ್ಸ್ ಅಂತಾರೆ, ಅದೂ ಇದೇ ಬೇರು, ಶವಪೆಟ್ಟಿಗೆ ಮೇಲೆ ಮೇಣದ ಬತ್ತಿ ಚುಚ್ಚಿಡುವ ಚೌಕಟ್ಟು ಹಲುಬೆಯ ಹಾಗೆ ಕಾಣ್ತಿತ್ತು ಅಂತ ಆ ಹೆಸರು.

ಬೇರೆ ಭಾಷೆಯವರು ಒಬ್ಬೊಬ್ಬರು ಒಂದೊಂದು ತುದಿ ಹಿಡಿದಿದ್ದಾರೆ. ಫ್ರೆಂಚಿನವರು ಈಗ ಇದಕ್ಕೆ ಹೇಳುವುದು ಪುನರಾವರ್ತನೆ ಅನ್ನುವ ಅರ್ಥದ ಶಬ್ದ. ಜರ್ಮನಿನವರು ಪ್ರೋಬೆ ಅಂತಾರೆ, ಅಂದ್ರೆ ಪರೀಕ್ಷೆ, ಒಂದು ಸಲ ಮಾಡಿ ನೋಡುವುದು, ನಮ್ಮ ಕೋಟೇಶ್ವರದ ಮಾಣಿಯ ಟ್ರಯಲ್ ಇದೇ. ತಮಿಳಿನಲ್ಲಿ ಒತ್ತಿಗೈ. ಕಥಕ್ಕಳಿಯವರಲ್ಲಿ ಚೊಲ್ಲಿಯಾಟ್ಟಂ, ವೇಷ ಇಲ್ಲದೆ ಪದ ಹಾಡಿಸಿಕೊಂಡು ಆಡುವ ಅಭ್ಯಾಸ, ಹೇಳಿ ಆಡುವುದು ಅಂತ ಅದರ ಅರ್ಥ.

ಪಾಠದ ಮನೆ

ನಾನು ಬಿಎಡ್ ಕಾಲೇಜಿನಲ್ಲಿ ಮನೋವಿಜ್ಞಾನ ಹೇಳಿಕೊಡುವವಳು. ನಮ್ಮಲ್ಲಿ ರಿಹರ್ಸಲ್ ಅಂದ್ರೆ ನಾಟಕ ಅಲ್ಲವೇ ಅಲ್ಲ, ನೆನಪಿನ ಪಾಠದಲ್ಲಿ ಬರುವ ಶಬ್ದ. ಫೋನ್ ನಂಬರ್ ಕೇಳಿ ಬರ್ಕೊಳ್ಳುವ ತನಕ ಬಾಯಲ್ಲಿ ಹೇಳ್ತಾ ಇರ್ತೇವಲ್ಲ, ಅದು ರಿಹರ್ಸಲ್. 1959ರಲ್ಲಿ ಪೀಟರ್ಸನ್ ದಂಪತಿ ಒಂದು ಪ್ರಯೋಗ ಮಾಡಿದ್ರು, ಮೂರು ವ್ಯಂಜನ ಹೇಳಿ, ಕೂಡಲೆ ಒಂದು ಸಂಖ್ಯೆಯಿಂದ ಮೂರು ಮೂರು ಕಳೀತಾ ಹಿಂದೆ ಎಣಿಸ್ಲಿಕ್ಕೆ ಹೇಳುವುದು, ಮನಸ್ಸಿನಲ್ಲಿ ಹೇಳ್ಕೊಳ್ಳಿಕ್ಕೆ ಅವಕಾಶ ಕೊಡದೆ. 18 ಸೆಕೆಂಡ್ ಆಗುವಾಗ ಆ ಮೂರು ಅಕ್ಷರವೂ ಹೆಚ್ಚಿನ ಸಲ ಮರೆತುಹೋಗಿರ್ತಿತ್ತು. ಬರೀ ಮೂರು ಅಕ್ಷರ.

ಇದರಲ್ಲಿ ಎರಡು ಬಗೆ. ಹಾಗೇ ಬಾಯಲ್ಲಿ ತಿರುಗಿಸ್ತಾ ಇರುವುದು ಒಂದು, ಅರ್ಥ ಹಿಡಿದು ಗೊತ್ತಿರುವುದಕ್ಕೆ ಜೋಡಿಸುವುದು ಇನ್ನೊಂದು, ಎರಡನೆಯದೇ ಹೆಚ್ಚು ಕಾಲ ನಿಲ್ಲುವುದು. ಪಾಠ ಮಾಡುವಾಗ ಇವೆರಡಕ್ಕೆ ಮೊದಲು ನಾನು ಉದ್ದ ಉದ್ದ ಸಂಸ್ಕೃತ ಶಬ್ದ ಹೇಳ್ತಿದ್ದೆ, ವಿದ್ಯಾರ್ಥಿಗಳು ಬರ್ಕೊಳ್ತಿದ್ರು, ಪರೀಕ್ಷೆಯಲ್ಲಿ ಅದಲು ಬದಲು ಮಾಡ್ತಿದ್ರು. ಒಂದು ದಿನ ಒಬ್ಬಳು ಹುಡುಗಿ ಎದ್ದು ನಿಂತು, ‘ಮೇಡಂ, ಒಂದು ಉರು ಹೊಡೆಯುವುದು, ಇನ್ನೊಂದು ಮೆಲುಕು ಹಾಕುವುದು ಅಲ್ವಾ?’ ಅಂದಳು. ಅವರ ಮನೆಯಲ್ಲಿ ದನ ಇತ್ತು. ಗಬಗಬ ತಿಂದದ್ದನ್ನು ಮತ್ತೆ ತಂದು ಮೆಲ್ಲ ಅಗಿದು ಮೈಗೆ ಹತ್ತಿಸಿಕೊಳ್ಳುವುದು. ಅವತ್ತಿನಿಂದ ನಾನು ಅವೆರಡೇ ಶಬ್ದ ಹೇಳುವುದು, ಪರೀಕ್ಷೆಯಲ್ಲಿ ಯಾರೂ ಅದಲು ಬದಲು ಮಾಡುವುದಿಲ್ಲ. ಕಲ್ಸಂಕದವರೇ, ಮಾತು ಕಲಿಯುವ ಅಧ್ಯಾಯಕ್ಕೆ ಬೇಕಾದ್ರೆ ಇವೆರಡನ್ನು ತಗೊಳ್ಳಿ.

ನಿವೃತ್ತ ಮಾಷ್ಟ್ರು

ಮೇಡಂ, ಆ ಹುಡುಗಿಗೆ ನನ್ನ ಆಶೀರ್ವಾದ ಹೇಳಿ. ವೇದ ಪಾಠದಲ್ಲಿ ಇದಕ್ಕೆ ಸಂಥೆ ಅಂತ ಉಂಟು, ಗುರು ಒಂದು ಸಲ ಹೇಳಿದ್ದನ್ನು ಶಿಷ್ಯರು ಎರಡು ಸಲ ಹೇಳುವುದು. ಸಂಥೆ ಆಗದೆ ಪುಸ್ತಕ ನೋಡಿ ಕಲಿತದ್ದನ್ನು ಕಲಿತದ್ದು ಅಂತ ಒಪ್ಪುವುದಿಲ್ಲ.

ಚುನಾವಣೆ ಡ್ಯೂಟಿ

ನನ್ನದು ಸರ್ಕಾರಿ ಕೆಲಸ, ಚುನಾವಣೆಗೆ ಬೂತಿಗೆ ಹೋಗಿ ಅಭ್ಯಾಸ. ಅಲ್ಲಿ ಬೆಳಿಗ್ಗೆ ಮತದಾನ ಶುರು ಆಗುವ ಮೊದಲು ಏಜೆಂಟರ ಎದುರು ಕಡಿಮೆ ಅಂದ್ರೆ 50 ಮತ ಹಾಕಿ ಮೆಷಿನ್ ಪರೀಕ್ಷೆ ಮಾಡ್ತೇವೆ, ಲೆಕ್ಕ ತಾಳೆ ನೋಡಿ, ಅದನ್ನು ಅಳಿಸಿ, ಸೀಲ್ ಹಾಕಿ ನಿಜವಾದ ಮತದಾನ ಶುರು. ಅದಕ್ಕೆ ಕನ್ನಡದಲ್ಲಿ ಅಣಕು ಮತದಾನ ಅಂತ ಹೆಸರು. ಬೆಂಕಿ ಬಿದ್ದಾಗ ಏನು ಮಾಡುವುದು ಅಂತ ಕಾರ್ಖಾನೆಯಲ್ಲಿ ಮಾಡಿ ತೋರಿಸುವುದಕ್ಕೂ ಅಣಕು ಕಾರ್ಯಾಚರಣೆ ಅಂತಾರೆ. ಅಣಕು ಅಂದ್ರೆ ನಮ್ಮ ಕಡೆ ಗೇಲಿ ಮಾಡುವುದು, ಅಣಕಿಸುವುದು. ಜೀವ ಉಳಿಸುವ ಕೆಲಸಕ್ಕೆ ಈ ಶಬ್ದ ನನಗೆ ಯಾವತ್ತೂ ಸರಿ ಕಾಣ್ಲಿಲ್ಲ. ಇಂಗ್ಲಿಷಿನ ಮಾಕ್ ಅನ್ನುವುದನ್ನು ಹಾಗೇ ಇಳಿಸಿಕೊಂಡದ್ದರಿಂದ ಹೀಗಾಗಿದೆ. ಪರೀಕ್ಷಾ ಮತದಾನ ಅಂದಿದ್ರೆ ಏನು ಮಾಡ್ತೇವೆ ಅಂತ ಮತದಾರರಿಗೂ ಗೊತ್ತಾಗ್ತಿತ್ತು.

ಅಜ್ಜರಕಾಡು ಅಕ್ಕ

ಶಬ್ದದ ಜೊತೆಗೆ ಆ ಕೆಲಸ ಯಾಕೆ ಬೇಕು ಅಂತಲೂ ಹೇಳ್ಬೇಕು ಅನಿಸ್ತದೆ. ನಾನು ಶಾಲೆ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ನೃತ್ಯ, ರೂಪಕ ಕಲಿಸ್ತೇನೆ. ಒಂದು ವರ್ಷ ಒಂದು ಶಾಲೆಯಲ್ಲಿ ತಿಂಗಳು ಪೂರ್ತಿ ಜಗಲಿಯಲ್ಲಿ ಕಲಿಸಿದೆ, ಮಕ್ಕಳು ಒಂದು ಹೆಜ್ಜೆ ತಪ್ಪುತ್ತಿರ್ಲಿಲ್ಲ. ಸ್ಟೇಜಿನಲ್ಲಿ ಒಂದು ಸಲ ಮಾಡಿಸ್ಬೇಕು ಅಂತ ಮೂರು ಸಲ ಕೇಳಿದೆ, ಶಾಮಿಯಾನದವರು ಬಂದದ್ದೇ ಆ ದಿನ ಮಧ್ಯಾಹ್ನ, ಸಮಯ ಕೊಡ್ಲಿಲ್ಲ. ರಾತ್ರಿ ಲೈಟ್ ಬಿತ್ತು, ಮಕ್ಕಳಿಗೆ ಎದುರು ಏನೂ ಕಾಣುವುದಿಲ್ಲ. ಜಗಲಿಯಲ್ಲಿ ಅವರಿಗೆ ಬಲಗಡೆ ಅಂದ್ರೆ ನೀರಿನ ಟ್ಯಾಂಕಿ ಕಡೆ, ಎಡಗಡೆ ಅಂದ್ರೆ ಹೆಡ್‌ಮಾಷ್ಟ್ರ ರೂಮು ಕಡೆ. ಸ್ಟೇಜಿನಲ್ಲಿ ಟ್ಯಾಂಕಿಯೂ ಇಲ್ಲ, ರೂಮೂ ಇಲ್ಲ. ಎಂಟು ಮಕ್ಕಳಲ್ಲಿ ಮೂವರು ಆ ಕಡೆ, ಐವರು ಈ ಕಡೆ ತಿರುಗಿದ್ರು. ಮುಂದಿದ್ದ ಸಣ್ಣವನ ಪೇಟ ಬಾಡಿಗೆಯದ್ದು, ಆ ದಿನವೇ ತಲೆಗೆ ಇಟ್ಟದ್ದು, ಬಗ್ಗಿದ ಕೂಡಲೆ ಕಣ್ಣಿನ ಮೇಲೆ ಬಂತು. ಅವನು ಎರಡೂ ಕೈಯಲ್ಲಿ ಪೇಟ ಹಿಡ್ಕೊಂಡು ಹಾಡು ಮುಗಿಯುವ ತನಕ ಅಲ್ಲೇ ನಿಂತ, ಅಳ್ಲಿಲ್ಲ, ಓಡ್ಲಿಲ್ಲ. ನನಗೆ ಈಗಲೂ ಆ ಮಗುವಿನ ಮುಖ ನೆನಪಾದ್ರೆ ಹೊಟ್ಟೆ ಉರೀತದೆ.

ಆ ಮಕ್ಕಳಿಗೆ ಅಭ್ಯಾಸ ಬೇಕಾದಷ್ಟು ಆಗಿತ್ತು, ರಿಹರ್ಸಲ್ ಒಂದೂ ಆಗಿರ್ಲಿಲ್ಲ. ಈ ಎರಡು ಒಂದೇ ಅಂತ ತಿಳ್ಕೊಂಡವರೇ ‘ಮಕ್ಕಳಿಗೆ ಎಲ್ಲ ಬರ್ತದಲ್ಲ, ಇನ್ನು ಸ್ಟೇಜ್ ಯಾಕೆ’ ಅಂತ ಕೇಳುವುದು. ನಿಮ್ಮ ಕೈಪಿಡಿಯಲ್ಲಿ ದಯವಿಟ್ಟು ಎರಡಕ್ಕೂ ಬೇರೆ ಶಬ್ದ ಇಡಿ, ಯಾವುದು ಬೇಕಾದ್ರೂ ಇಡಿ, ಬೇರೆ ಬೇರೆ ಇರ್ಲಿ.

ಉರ್ವಾಸ್ಟೋರ್

ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ಟೀಮಿನಲ್ಲಿ ಹಾಲ್ ಸಿಗದಿದ್ರೆ ಟೌನ್ ಹಾಲ್ ಸ್ಟೇಜಿನ ಅಳತೆ ತಂದು, ಶಾಲೆಯ ನೆಲದಲ್ಲಿ ಚಾಕ್‌ಪೀಸಿನಲ್ಲಿ ಗೆರೆ ಎಳೀತೇವೆ, ಬಾಗಿಲಿನ ಜಾಗಕ್ಕೆ ಎರಡು ಇಟ್ಟಿಗೆ. ಗೆರೆ ದಾಟಿದ್ರೆ ಕೆಳಗೆ ಬಿದ್ದ ಅಂತ ಲೆಕ್ಕ.

ಊದು ಹೊಗೆ

ಹುಲಿವೇಷದ್ದೂ ಒಂದು ಬರೀತೇನೆ. ನಮ್ಮಲ್ಲಿ ಹುಡುಗರು ತಿಂಗಳು ಮೊದಲೇ ತಾಸೆ ವಾದ್ಯ ಹಾಕಿಸಿ ಕುಣೀತಾರೆ, ಅದು ಪ್ರಾಕ್ಟೀಸ್. ಬಣ್ಣ ಹಾಕುವ ಮೊದಲು ಊದು, ಅಂದ್ರೆ ಧೂಪ, ಇಡುವ ರಾತ್ರಿ ಕುಣೀತಾರಲ್ಲ, ಅವತ್ತೂ ಬಣ್ಣ ಇಲ್ಲ, ಹೊರಗಿನಿಂದ ನೋಡಿದವರಿಗೆ ಅದೂ ಪ್ರಾಕ್ಟೀಸ್ ಅಂತಲೇ ಕಾಣ್ತದೆ. ಆದ್ರೆ ಅದನ್ನು ಪ್ರಾಕ್ಟೀಸ್ ಅಂದ್ರೆ ನಮ್ಮ ಹಿರಿಯರು ಬಿಡುವುದಿಲ್ಲ. ಅದು ಸೇವೆ. ಉಡುಪಿ ಪರ್ಯಾಯಕ್ಕೆ ಮೊದಲು ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಅಂತ ಮಾಡ್ತಾರೆ, ಅದೆಲ್ಲ ತಯಾರಿಯೇ, ಆದ್ರೂ ರಿಹರ್ಸಲ್ ಅಂತ ಯಾರ ಬಾಯಲ್ಲೂ ಬರುವುದಿಲ್ಲ, ಅದೇ ರೀತಿ ಇದು.

ಚೌಕಿಮನೆ

ಊದು ಹೊಗೆಯವರು ಬರೆದದ್ದು ಓದಿದ ಮೇಲೆ ನನ್ನ ಪ್ರಶ್ನೆಗೆ ನನಗೇ ಉತ್ತರ ಹೊಳೀತು. ಪೂರ್ವರಂಗದಲ್ಲಿ ಕುಣಿದ ಹುಡುಗನಿಗೂ ಅದು ಸೇವೆಯೇ. ಅಲ್ಲಿ ತಪ್ಪಿದ್ರೂ ಅದು ಆಟದಲ್ಲಿ ತಪ್ಪಿದ್ದು, ನಾಳೆ ಸರಿ ಮಾಡ್ತೇನೆ ಅಂತ ಬಿಟ್ಟುಬಿಡ್ಲಿಕ್ಕೆ ಬರುವುದಿಲ್ಲ. ಮಾವ ಹೇಳ್ತಿದ್ರು, ಬಾಲಗೋಪಾಲ ಮಾಡಿದ ಮೊದಲ ವರ್ಷ ಒಂದು ಬಿಡ್ತಿಗೆ, ಅಂದ್ರೆ ತಾಳ ಮುಗಿಸುವ ಹೆಜ್ಜೆ, ತಪ್ಪಿದ್ದಕ್ಕೆ ಮದ್ದಳೆಯವರು ತಲೆ ಎತ್ತಿ ನೋಡಿದ್ರಂತೆ, ಬೈಲಿಲ್ಲ, ಬರೀ ನೋಡಿದ್ರು. ಎಪ್ಪತ್ತು ವರ್ಷ ಆದ ಮೇಲೂ ಆ ನೋಟ ಅವರಿಗೆ ನೆನಪಿತ್ತು.

ಕಲ್ಸಂಕ ಬದಿ

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಎರಡು ರಾತ್ರಿ ಕೂತು ಕೈಪಿಡಿ ತಿದ್ದಿದೆ. ಮನೆಯಲ್ಲಿ ಒಬ್ಬರೇ ಮಾಡುವಲ್ಲೆಲ್ಲ ಅಭ್ಯಾಸ ಅಂತ ಮಾಡಿದ್ದೇನೆ. ಮಾತು ಕಲಿಯುವ ಅಧ್ಯಾಯಕ್ಕೆ ‘ಉರು ಹೊಡೆಯಬೇಡಿ, ಮೆಲುಕು ಹಾಕಿ’ ಅಂತ ತಲೆಬರಹ. ದಿನ, ಹೊತ್ತು ಗೊತ್ತು ಮಾಡಿ ಎಲ್ಲರೂ ಸೇರುವಲ್ಲಿ ರಿಹರ್ಸಲ್, ಕನ್ನಡ ಅಕ್ಷರದಲ್ಲಿ ಹಾಗೇ ಇಟ್ಟಿದ್ದೇನೆ. ಪೂರ್ವಾಭ್ಯಾಸ ಆಮಂತ್ರಣ ಪತ್ರಿಕೆಗೆ, ಪೇಪರಿಗೆ ಕೊಡುವ ವರದಿಗೆ ಇರ್ಲಿ, ಅಲ್ಲಿ ಅದು ಚಂದ ಕಾಣ್ತದೆ. ಹಿರಿಯರಿಗೆ ತೋರಿಸಿದೆ. ಅವರು ಮಾಷ್ಟ್ರು ಬರೆದ ಗೀತೆಯ ಶ್ಲೋಕ ಎರಡು ಸಲ ಓದಿ, ಕನ್ನಡಕ ತೆಗೆದು, ‘ಆಯ್ತು, ಆದ್ರೆ ತಾಲೀಮು ಅಂತ ಒಂದು ಕಡೆಯಾದ್ರೂ ಇರ್ಲಿ, ನಾನು ಅದೇ ಶಬ್ದದಲ್ಲಿ ನಾಟಕ ಕಲಿತವ’ ಅಂದ್ರು. ಮೊದಲ ಪುಟದಲ್ಲಿ ಅವರ ಬಗ್ಗೆ ನಾಲ್ಕು ಸಾಲು ಬರೆದು ಅಲ್ಲಿ ತಾಲೀಮು ಅಂತ ಹಾಕಿದೆ.

ಅಜ್ಜರಕಾಡು ಅಕ್ಕ, ನಿಮ್ಮ ಪೇಟದ ಮಗುವಿನ ವಿಷಯ, ಯಾವ ಶಾಲೆ ಯಾವ ಊರು ಅಂತ ಇಲ್ಲದೆ, ಸ್ಟೇಜ್ ರಿಹರ್ಸಲ್ ಅಧ್ಯಾಯದ ಶುರುವಿಗೆ ಹಾಕ್ಲಿಕ್ಕೆ ನಿಮ್ಮ ಒಪ್ಪಿಗೆ ಬೇಕು.

ಅಜ್ಜರಕಾಡು ಅಕ್ಕ

ಹಾಕಿ. ಅವನು ಅಳ್ಲಿಲ್ಲ ಅನ್ನುವುದನ್ನು ಬಿಡಬೇಡಿ.

ಕೋಟೇಶ್ವರದ ಮಾಣಿ

ಹ್ವಾಯ್, ಟ್ರಯಲ್ ಎಲ್ ಹೋಯ್ತ್ ಮರ್ರೆ?

ಕಲ್ಸಂಕ ಬದಿ

ಯಕ್ಷಗಾನದ ಪುಟದಲ್ಲಿ ಉಂಟು ಮಾರಾಯ್ರೆ, ನೀವು ಹೇಳಿದ ಹಾಗೇ. ಬರುವ ಆದಿತ್ಯವಾರ ಸಂಜೆ ಐದಕ್ಕೆ ನಮ್ಮ ರಿಹರ್ಸಲ್ ಇಟ್ಕೊಂಡಿದ್ದೇವೆ, ಅಜ್ಜಯ್ಯನನ್ನು ಕರ್ಕೊಂಡು ಬನ್ನಿ, ಅವರ ಹತ್ರ ಟ್ರಯಲ್ ಅಂತಲೇ ಹೇಳಿ.